ಮೂರು ಸರೋವರಗಳು

'ದೇಶ ಸುತ್ತು, ಕೋಶ ಓದು' ಎಂಬ ಗಾದೆ ಕನ್ನಡದಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ತಿಳಿವಳಿಕೆಯನ್ನು ಸಂಪಾದಿಸಲು ಇವೆರಡೂ ಬೇರೆ ಬೇರೆ ಮಾರ್ಗಗಳೆಂದೂ, ಇವುಗಳಲ್ಲಿ ಯಾವುದಾದರೊಂದನ್ನು ಹಿಡಿದರೆ ಸಾಕೆಂದೂ ಅನೇಕರು ಭಾವಿಸುತ್ತಾರೆ. ಸುತ್ತುವವನು ಓದಬೇಕಾಗಿಲ್ಲ, ಓದುವವನು ಸುತ್ತಬೇಕಾಗಿಲ್ಲ ಎಂಬುದು ಅವರ ಎಣಿಕೆ. ಆದರೆ ಕಣ್ಣಿಗೆ ಕಾಣುವುದೆಲ್ಲವೂ ತಾನಾಗಿಯೇ ಅರ್ಥವಾಗುವುದಿಲ್ಲ. ಬೆಟ್ಟವು ಅಲ್ಲಿಗೆ ಹೇಗೆ ಬಂದಿತು, ನೀರು ಏಕೆ ಹಸಿರಾಗಿದೆ, ಇಳಿಜಾರಿನ ಹುಲ್ಲುಗಾವಲು ಯಾರ ಜೀವನಕ್ಕೆ ಆಧಾರವಾಗಿದೆ ಎಂಬ ಪ್ರಶ್ನೆಗಳನ್ನು ಕೇಳಿಕೊಳ್ಳದೆ ಹಿಂದಿರುಗಿದ ಪ್ರವಾಸಿಯು ದೇಶವನ್ನು ಸುತ್ತಿದ್ದಾನೆಯೇ ಹೊರತು ಅದನ್ನು ನೋಡಿದ್ದಾನೆಂದು ಹೇಳುವುದು ಕಷ್ಟ. ಅಟ್ಲಾಂಟಿಕ್ ಮಹಾಸಾಗರದ ನಡುವಿನ ಒಂದು ದ್ವೀಪದಲ್ಲಿ ಪ್ರವಾಸಿಗಳು ಒಂದೇ ದಿನದಲ್ಲಿ ಕೈಗೊಳ್ಳುವ ಸರೋವರ ದರ್ಶನವನ್ನು ಪರಿಶೀಲಿಸಿದರೆ ಈ ಮಾತಿನ ಸತ್ಯವು ಮನದಟ್ಟಾಗುತ್ತದೆ.

ಪೋರ್ಚುಗಲ್ ದೇಶದ ರಾಜಧಾನಿಯಾದ ಲಿಸ್ಬನ್ ನಗರದಿಂದ ಪಶ್ಚಿಮಕ್ಕೆ ಸುಮಾರು 1,500 ಕಿಲೋಮೀಟರ್ ದೂರದಲ್ಲಿ ಅಜೋರ್ಸ್ ಎಂಬ ಒಂಬತ್ತು ದ್ವೀಪಗಳ ಸಮೂಹವಿದೆ. ಇದು ಪೋರ್ಚುಗಲ್ಲಿಗೆ ಸೇರಿದ್ದರೂ 1976ರಿಂದ ಸ್ವಾಯತ್ತ ಆಡಳಿತವನ್ನು ಪಡೆದಿದೆ. ಒಂಬತ್ತು ದ್ವೀಪಗಳಲ್ಲಿ ಅತ್ಯಂತ ದೊಡ್ಡದು ಸಾವ್ ಮಿಗೆಲ್. ಪೂರ್ವ ಪಶ್ಚಿಮವಾಗಿ ಸುಮಾರು 65 ಕಿಲೋಮೀಟರ್ ಉದ್ದವಿರುವ ಈ ದ್ವೀಪದ ವಿಸ್ತೀರ್ಣ ಸುಮಾರು 745 ಚದರ ಕಿಲೋಮೀಟರ್. ಹದಿನೈದನೆಯ ಶತಮಾನದಲ್ಲಿ ಪೋರ್ಚುಗೀಸರು ಬಂದು ನೆಲಸುವವರೆಗೆ ಇಲ್ಲಿ ಜನವಸತಿ ಇರಲಿಲ್ಲ. ಭೂಮಿಯ ಹೊರಪದರವು ದೊಡ್ಡ ದೊಡ್ಡ ಫಲಕಗಳಾಗಿ ಒಡೆದಿದೆಯೆಂಬುದನ್ನು ಭೂವಿಜ್ಞಾನಿಗಳು ತೋರಿಸಿಕೊಟ್ಟಿದ್ದಾರೆ. ಉತ್ತರ ಅಮೆರಿಕ, ಯುರೇಷ್ಯ ಮತ್ತು ಆಫ್ರಿಕ ಎಂಬ ಮೂರು ಫಲಕಗಳು ಸಂಧಿಸುವ ಎಡೆಯಲ್ಲಿ ಅಜೋರ್ಸ್ ದ್ವೀಪಗಳಿವೆ. ಆದುದರಿಂದಲೇ ಇಲ್ಲಿಯ ನೆಲದಡಿಯಲ್ಲಿ ಬೆಂಕಿಯು ಇನ್ನೂ ಆರಿಲ್ಲ.

ಸಾವ್ ಮಿಗೆಲ್ ದ್ವೀಪದಲ್ಲಿ ಮೂರು ದೊಡ್ಡ ಜೀವಂತ ಅಗ್ನಿಪರ್ವತಗಳಿವೆ. ಪಶ್ಚಿಮದಲ್ಲಿ ಸೆತೆ ಸಿದಾದೆಸ್, ನಡುವೆ ಫೋಗು, ಪೂರ್ವದ ಕಡೆಗೆ ಫುರ್ನಸ್. ಈ ಮೂರರ ಒಡಲಿನಲ್ಲಿಯೂ ಸರೋವರಗಳಿವೆ. ಬೆಂಕಿ ಕಾರುವ ಬೆಟ್ಟದಲ್ಲಿ ತಣ್ಣನೆಯ ನೀರು ನಿಲ್ಲುವುದು ವಿಚಿತ್ರವೆಂದು ತೋರಬಹುದು. ಆದರೆ ಅದರ ಕಾರಣವು ಸರಳವಾಗಿದೆ. ಅಗ್ನಿಪರ್ವತದ ಕೆಳಗೆ ಕರಗಿದ ಶಿಲಾರಸವು ತುಂಬಿಕೊಂಡಿರುತ್ತದೆ. ಭಾರಿ ಸ್ಫೋಟವಾದಾಗ ಆ ರಸದ ಬಹುಭಾಗವು ಹೊರಚಿಮ್ಮಿ, ಒಳಗಿನ ಕೋಣೆಯು ಬರಿದಾಗುತ್ತದೆ. ಆಧಾರವನ್ನು ಕಳೆದುಕೊಂಡ ಬೆಟ್ಟದ ನೆತ್ತಿಯು ಮನೆಯ ಮಾಳಿಗೆ ಕುಸಿದಂತೆ ಒಳಕ್ಕೆ ಕುಸಿಯುತ್ತದೆ. ಹೀಗೆ ಉಂಟಾದ ವಿಶಾಲವಾದ ಕುಳಿಯೊಳಗೆ ಕಾಲಕ್ರಮದಲ್ಲಿ ಮಳೆಯ ನೀರು ಸೇರಿ ಸರೋವರವಾಗುತ್ತದೆ. ಅದರ ಸುತ್ತಲೂ ಬಟ್ಟಲಿನ ಅಂಚಿನಂತೆ ಬೆಟ್ಟದ ಗೋಡೆಗಳು ಉಳಿದಿರುತ್ತವೆ.

ಆ ಅಂಚುಗಳ ಮೇಲೆ ನಿಂತು ಒಳಗಿನ ನೋಟವನ್ನು ಕಾಣುವುದೇ ಇಲ್ಲಿಯ ಪ್ರವಾಸದ ಮುಖ್ಯ ಆಕರ್ಷಣೆ. ಇಂತಹ ವೀಕ್ಷಣಾಸ್ಥಳಗಳಿಗೆ ಪೋರ್ಚುಗೀಸರು ಮಿರಾದೋರು ಎನ್ನುತ್ತಾರೆ. ಪ್ರವಾಸಿಗಳು ಬೆಳಗ್ಗೆ ಪೊಂತ ದೆಲ್ಗಾದ ನಗರದಿಂದ ವಾಹನವನ್ನು ಏರಿ ಪಶ್ಚಿಮದ ಸೆತೆ ಸಿದಾದೆಸ್‌ಗೆ ಹೋಗುತ್ತಾರೆ. ಅಲ್ಲಿಂದ ಹಿಂದಿರುಗಿ ಮಧ್ಯಾಹ್ನದ ಹೊತ್ತಿಗೆ ಫೋಗು ಪರ್ವತವನ್ನು ಏರುತ್ತಾರೆ. ಸಂಜೆಯೊಳಗೆ ಫುರ್ನಸ್ ಕಣಿವೆಯನ್ನು ಕಂಡು ಮರಳಿ ಊರು ಸೇರುತ್ತಾರೆ. ಪ್ರತಿಯೊಂದು ಅಂಚಿನಲ್ಲಿಯೂ ವಾಹನವು ನಿಲ್ಲುವುದು ಕೆಲವೇ ನಿಮಿಷಗಳು. ಇಳಿಯುವುದು, ನೋಡುವುದು, ಛಾಯಾಚಿತ್ರ ತೆಗೆಯುವುದು, ಮತ್ತೆ ಏರುವುದು - ಇಷ್ಟರಲ್ಲಿ ದಿನವು ಮುಗಿಯುತ್ತದೆ.

ಸೆತೆ ಸಿದಾದೆಸ್ ಎಂದರೆ ಏಳು ನಗರಗಳು ಎಂದು ಅರ್ಥ. ಇಲ್ಲಿ ಏಳು ನಗರಗಳಿಲ್ಲ. ಸಾಗರದಾಚೆ ಎಲ್ಲಿಯೋ ಏಳು ನಗರಗಳ ದ್ವೀಪವೊಂದಿದೆ ಎಂಬ ಮಧ್ಯಯುಗದ ಕಲ್ಪನೆಯ ಹೆಸರು ಈ ಕುಳಿಗೆ ಅಂಟಿಕೊಂಡಿದೆ. ಸುಮಾರು 5 ಕಿಲೋಮೀಟರ್ ಅಗಲದ ಈ ಕುಳಿಯ ತಳದಲ್ಲಿ ಒಂದು ಹಳ್ಳಿಯೂ, ಒಂದಕ್ಕೊಂದು ಹೊಂದಿಕೊಂಡಂತೆ ಎರಡು ಸರೋವರಗಳೂ ಇವೆ. ಒಂದು ನೀಲಿ ಸರೋವರ, ಇನ್ನೊಂದು ಹಸಿರು ಸರೋವರ. ಇವುಗಳ ನಡುವೆ ಕಿರಿದಾದ ಒಂದು ಸೇತುವೆಯಿದೆ. 1901ರಲ್ಲಿ ಪೋರ್ಚುಗಲ್ಲಿನ ದೊರೆ ಒಂದನೆಯ ಕಾರ್ಲುಸ್ ಮತ್ತು ರಾಣಿ ಅಮೇಲಿಯ ಇಲ್ಲಿಗೆ ಬಂದಿದ್ದರು. ಅಂದಿನಿಂದ ದಕ್ಷಿಣದ ಅಂಚಿನಲ್ಲಿರುವ ವೀಕ್ಷಣಾಸ್ಥಳಕ್ಕೆ 'ವಿಸ್ತ ದು ರೆಯ್', ಅಂದರೆ 'ದೊರೆಯ ನೋಟ' ಎಂಬ ಹೆಸರು ಬಂದಿತು. ಇದಕ್ಕೆ ಸಮೀಪದಲ್ಲಿ ಇನ್ನೊಂದು ಕೋಡಿನ ಮೇಲಿರುವ ವೀಕ್ಷಣಾಸ್ಥಳದ ಹೆಸರು 'ಬೋಕ ದು ಇನ್ಫೆರ್ನು'. ಅದರ ಅರ್ಥ 'ನರಕದ ಬಾಯಿ'. ಹೆಸರು ಭಯಂಕರವಾಗಿದ್ದರೂ ಅಲ್ಲಿಂದ ಕಾಣುವ ದೃಶ್ಯವು ಸ್ವರ್ಗಕ್ಕೆ ಸಮಾನವೆಂದು ನೋಡಿದವರು ಹೊಗಳುತ್ತಾರೆ.

ಎರಡು ಸರೋವರಗಳ ಬಣ್ಣಕ್ಕೆ ಸಂಬಂಧಿಸಿದಂತೆ ದ್ವೀಪದ ಜನರು ಒಂದು ಕಥೆಯನ್ನು ಹೇಳುತ್ತಾರೆ. ನೀಲಿ ಕಣ್ಣಿನ ರಾಜಕುಮಾರಿಯೊಬ್ಬಳು ಹಸಿರು ಕಣ್ಣಿನ ಕುರುಬ ತರುಣನೊಬ್ಬನನ್ನು ಪ್ರೀತಿಸಿದಳಂತೆ. ರಾಜನು ಅದಕ್ಕೆ ಒಪ್ಪದೆ ಅವಳನ್ನು ಬೇರೊಬ್ಬ ರಾಜಕುಮಾರನಿಗೆ ಕೊಡಲು ನಿಶ್ಚಯಿಸಿದನಂತೆ. ಕೊನೆಯ ಭೇಟಿಯಲ್ಲಿ ಇಬ್ಬರೂ ಸುರಿಸಿದ ಕಣ್ಣೀರು ಎರಡು ಸರೋವರಗಳಾಗಿ ನಿಂತಿತಂತೆ. ಮಾರ್ಗದರ್ಶಕರು ಈ ಕಥೆಯನ್ನು ಹೇಳುತ್ತಾರೆ. ಕೇಳಿದವರು ತಲೆದೂಗಿ ಮುಂದೆ ಸಾಗುತ್ತಾರೆ.

ಕಥೆಯು ಸೊಗಸಾಗಿದೆ. ಅದನ್ನು ಹೇಳುವುದರಲ್ಲಿಯೂ ಕೇಳುವುದರಲ್ಲಿಯೂ ತಪ್ಪೇನೂ ಇಲ್ಲ. ಆದರೆ ನೀರಿನ ಬಣ್ಣವನ್ನು ಕುರಿತು ವಿಜ್ಞಾನಿಗಳು ಹೇಳುವ ಕಥೆಯು ಇದಕ್ಕಿಂತ ಕಡಿಮೆ ಸೊಗಸಾದುದಲ್ಲ. ದುಃಖದಲ್ಲಿಯೂ ಅದು ಇದಕ್ಕಿಂತ ಕಡಿಮೆಯದಲ್ಲ. ನೀಲಿ ಸರೋವರವು ದೊಡ್ಡದು, ಆಳವಾದುದು. ತೆರೆದ ಆಕಾಶವು ಅದರಲ್ಲಿ ಪ್ರತಿಫಲಿಸುತ್ತದೆ. ಹಸಿರು ಸರೋವರವು ಚಿಕ್ಕದು, ಆಳವೂ ಕಡಿಮೆ. ದಂಡೆಯ ಕಡಿದಾದ ಹಸಿರು ಗೋಡೆಗಳು ಅದರಲ್ಲಿ ಮೂಡುತ್ತವೆ. ಇಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಆ ನೀರಿನಲ್ಲಿ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಪಾಚಿಯೂ ಬೆಳೆಯುತ್ತದೆ. ನೋಡುವವರು ಮೆಚ್ಚುವ ಹಸಿರಿನಲ್ಲಿ ಅದರ ಪಾಲೂ ಇದೆ. ಪಾಚಿಯು ಮಿತಿಮೀರಿ ಬೆಳೆದರೆ ಅದು ಸರೋವರದ ರೋಗದ ಲಕ್ಷಣ.

ಈ ರೋಗವು ಹೇಗೆ ಬರುತ್ತದೆಂಬುದನ್ನು ತಿಳಿಯಬೇಕಾದರೆ ಅಂಚಿನ ಮೇಲೆ ನಿಂತವರು ನೀರಿನಿಂದ ಕಣ್ಣನ್ನು ಕಿತ್ತು ಇಳಿಜಾರುಗಳನ್ನು ನೋಡಬೇಕು. ಅಲ್ಲಿ ಅಚ್ಚಹಸಿರಿನ ಹುಲ್ಲುಗಾವಲುಗಳಿವೆ. ಅವುಗಳಲ್ಲಿ ಕಪ್ಪು ಬಿಳಿ ಬಣ್ಣದ ಹಸುಗಳು ಮೇಯುತ್ತವೆ. ಅಜೋರ್ಸ್‌ನಲ್ಲಿ ಮನುಷ್ಯರಿಗಿಂತ ದನಗಳ ಸಂಖ್ಯೆಯೇ ಹೆಚ್ಚು. ಪೋರ್ಚುಗಲ್ಲಿನ ನೆಲದಲ್ಲಿ ಈ ದ್ವೀಪಗಳ ಪಾಲು ಶೇಕಡಾ ಮೂರಕ್ಕಿಂತ ಕಡಿಮೆಯಾದರೂ ದೇಶದ ಹಾಲಿನ ಉತ್ಪಾದನೆಯಲ್ಲಿ ಇವುಗಳ ಪಾಲು ಸುಮಾರು ಮೂರನೆಯ ಒಂದು ಭಾಗ. ಹುಲ್ಲು ಸೊಂಪಾಗಿ ಬೆಳೆಯಲೆಂದು ರೈತರು ಗೊಬ್ಬರವನ್ನು ಹಾಕುತ್ತಾರೆ. ಹಸುಗಳ ಸಗಣಿ ಗಂಜಲವೂ ನೆಲವನ್ನು ಸೇರುತ್ತದೆ. ಮಳೆ ಸುರಿದಾಗ ಇವುಗಳಲ್ಲಿರುವ ರಂಜಕ ಮತ್ತು ಸಾರಜನಕದ ಅಂಶಗಳು ಇಳಿಜಾರಿನಲ್ಲಿ ಹರಿದು ಸರೋವರಕ್ಕೆ ಬರುತ್ತವೆ. ಹುಲ್ಲಿಗೆ ಹಾಕಿದ ಗೊಬ್ಬರವು ಪಾಚಿಗೂ ಗೊಬ್ಬರವಾಗುತ್ತದೆ.

ಮುಂದೆ ನಡೆಯುವುದು ಇನ್ನೂ ಗಂಭೀರವಾದುದು. ಹುಲುಸಾಗಿ ಬೆಳೆದ ಪಾಚಿಯು ಸತ್ತು ತಳಕ್ಕೆ ಇಳಿದು ಕೊಳೆಯುತ್ತದೆ. ಕೊಳೆಯುವ ಕ್ರಿಯೆಗೆ ಆಮ್ಲಜನಕವು ಬೇಕು. ಬೇಸಿಗೆಯಲ್ಲಿ ಸರೋವರದ ಮೇಲಿನ ಬೆಚ್ಚನೆಯ ನೀರು ಕೆಳಗಿನ ತಣ್ಣನೆಯ ನೀರಿನೊಡನೆ ಬೆರೆಯುವುದಿಲ್ಲವಾದುದರಿಂದ ತಳದ ನೀರಿಗೆ ಹೊಸ ಆಮ್ಲಜನಕವು ದೊರೆಯುವುದಿಲ್ಲ. ಇದ್ದುದೆಲ್ಲ ಮುಗಿದ ಮೇಲೆ ತಳದ ಕೆಸರಿನಲ್ಲಿ ಬಹುಕಾಲದಿಂದ ಅಡಗಿದ್ದ ರಂಜಕವು ಮತ್ತೆ ನೀರಿಗೆ ಬಿಡುಗಡೆಯಾಗುತ್ತದೆ. ಅದು ಪುನಃ ಪಾಚಿಯನ್ನು ಬೆಳೆಸುತ್ತದೆ. ಹೊರಗಿನಿಂದ ಬರುವುದನ್ನು ನಿಲ್ಲಿಸಿದ ಮೇಲೆಯೂ ಒಳಗಿನ ಹಳೆಯ ಸಾಲವು ವರ್ಷಗಟ್ಟಲೆ ತೀರುವುದಿಲ್ಲ. ಹರಿಯುವ ನದಿಯು ತನ್ನ ಕೊಳೆಯನ್ನು ಸಮುದ್ರಕ್ಕೆ ಒಯ್ದು ಹಾಕುತ್ತದೆ. ಸೆತೆ ಸಿದಾದೆಸ್‌ನಂತಹ ಬಟ್ಟಲಿಗೆ ಸ್ವಾಭಾವಿಕವಾದ ಕೋಡಿಯೇ ಇಲ್ಲ. ಮಳೆಗಾಲದಲ್ಲಿ ನೀರು ಏರಿ ಹಳ್ಳಿಗೆ ನುಗ್ಗದಿರಲೆಂದು 1930ರ ದಶಕದಲ್ಲಿ ಬೆಟ್ಟವನ್ನು ಕೊರೆದು ಒಂದು ಸುರಂಗವನ್ನು ಮಾಡಲಾಯಿತು. ಹೆಚ್ಚಾದ ನೀರು ಹೊರಹೋಗಲು ಅದು ಸಹಾಯಕವಾಯಿತು. ತಳದ ಕೆಸರು ಮಾತ್ರ ಅಲ್ಲಿಯೇ ಉಳಿಯಿತು. ಇಳಿಜಾರಿನಲ್ಲಿ ವಾಸಿಸುವವರು ಏನನ್ನು ಚೆಲ್ಲುತ್ತಾರೋ ಅದನ್ನು ಸರೋವರವು ಇಟ್ಟುಕೊಳ್ಳುತ್ತದೆ.

ಸೆತೆ ಸಿದಾದೆಸ್‌ನಿಂದ ದ್ವೀಪದ ನಡುಭಾಗಕ್ಕೆ ಬಂದರೆ ಬೇರೆಯೇ ಒಂದು ದೃಶ್ಯವು ಕಣ್ಣಿಗೆ ಬೀಳುತ್ತದೆ. 'ಲಗೋವ ದು ಫೋಗು' ಎಂದರೆ ಬೆಂಕಿಯ ಸರೋವರ. 1563ರಲ್ಲಿ ಈ ಪರ್ವತವು ಸಿಡಿಯಿತು. ಅಂದಿನ ಉತ್ಪಾತದ ಬಳಿಕ ಇಂದಿನ ಸರೋವರವು ರೂಪುಗೊಂಡಿತು. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರವಿರುವ ಪೀಕು ದ ಬರೋಜ ಶಿಖರದ ದಾರಿಯಿಂದ ನೋಡಿದರೆ ಕೆಳಗೆ ತಿಳಿನೀರು, ಅದರ ಅಂಚಿನಲ್ಲಿ ಬಿಳಿಯ ಮರಳಿನಂತಹ ದಂಡೆ, ಸುತ್ತಲೂ ಗಿಡಗಂಟೆಗಳಿಂದ ಮುಚ್ಚಿದ ಗೋಡೆಗಳು ಕಾಣುತ್ತವೆ. ಆ ಬಿಳಿಯ ದಂಡೆಯು ಅಗ್ನಿಪರ್ವತವು ಉಗುಳಿದ ಹಗುರವಾದ ಕಲ್ಲಿನ ಪುಡಿ. ಇಲ್ಲಿ ಮನೆಗಳಿಲ್ಲ, ಹೊಲಗಳಿಲ್ಲ, ಹಸುಗಳಿಲ್ಲ. 1974ರಲ್ಲಿ ಈ ಪ್ರದೇಶವನ್ನು ರಕ್ಷಿತ ನಿಸರ್ಗಧಾಮವೆಂದು ಘೋಷಿಸಲಾಯಿತು. ಇಲ್ಲಿಯ ನೀರು ಉಳಿದೆರಡು ಕಡೆಯ ನೀರಿಗಿಂತ ತಿಳಿಯಾಗಿರುವುದಕ್ಕೆ ಇಳಿಜಾರುಗಳಲ್ಲಿ ಬೇಸಾಯವಿಲ್ಲದಿರುವುದು ಒಂದು ಮುಖ್ಯ ಕಾರಣ. ಬೆಟ್ಟದ ಉತ್ತರದ ತಪ್ಪಲಿನಲ್ಲಿ ನೆಲದ ಬಿಸಿಯಿಂದ ಹಬೆಯನ್ನು ಪಡೆದು ವಿದ್ಯುತ್ತನ್ನು ಉತ್ಪಾದಿಸುವ ಸ್ಥಾವರಗಳಿವೆ. ದ್ವೀಪದ ವಿದ್ಯುತ್ತಿನ ಗಣನೀಯ ಭಾಗವು ಅಲ್ಲಿಂದಲೇ ದೊರೆಯುತ್ತದೆ.

ಈ ಎತ್ತರದಲ್ಲಿ ಮಂಜು ಕವಿಯುವುದು ಸಾಮಾನ್ಯ. ಸಾಗರದ ತೇವವನ್ನು ಹೊತ್ತ ಗಾಳಿಯು ಬೆಟ್ಟಕ್ಕೆ ಬಡಿದು ಮೇಲೇರಿ ಮೋಡವಾಗುತ್ತದೆ. ಬಹುದೂರದಿಂದ ಬಂದ ಪ್ರವಾಸಿಗಳು ಬಿಳಿಯ ಪರದೆಯ ಮುಂದೆ ನಿಂತು ತಮ್ಮ ದುರದೃಷ್ಟವನ್ನು ಹಳಿದುಕೊಳ್ಳುತ್ತಾರೆ. ದಿನದ ವೇಳಾಪಟ್ಟಿಯಲ್ಲಿ ಮಂಜಿಗೆ ಸ್ಥಾನವಿಲ್ಲ. ಆದರೆ ಆ ಮಂಜು ಮತ್ತು ಮಳೆಯೇ ಸರೋವರಗಳನ್ನು ತುಂಬುತ್ತವೆ. ನೋಟಕ್ಕೆ ಅಡ್ಡಿಯೆಂದು ಹಳಿಯಲ್ಪಟ್ಟ ಮೋಡವು ಇಲ್ಲದಿದ್ದರೆ ನೋಡಲು ಸರೋವರವೇ ಇರುತ್ತಿರಲಿಲ್ಲ.

ಮೂರನೆಯದಾದ ಫುರ್ನಸ್‌ನಲ್ಲಿ ಬೆಂಕಿಯು ನೆಲದ ಮೇಲ್ಮೈಗೆ ಬಹಳ ಸಮೀಪದಲ್ಲಿದೆ. 1630ರಲ್ಲಿ ಇದು ಸಿಡಿದಾಗ ಸುಮಾರು ಇನ್ನೂರು ಮಂದಿ ಪ್ರಾಣ ಕಳೆದುಕೊಂಡರು. ಇಂದಿಗೂ ಊರಿನ ನಡುವೆ ಬಿಸಿನೀರಿನ ಬುಗ್ಗೆಗಳು ಕುದಿಯುತ್ತವೆ. ಗಂಧಕದ ವಾಸನೆಯು ಗಾಳಿಯಲ್ಲಿ ಬೆರೆತಿರುತ್ತದೆ. ಸರೋವರದ ಉತ್ತರ ದಂಡೆಯಲ್ಲಿ ಜನರು ಮಾಂಸ ತರಕಾರಿಗಳನ್ನು ತುಂಬಿದ ಪಾತ್ರೆಗಳನ್ನು ಬಿಸಿನೆಲದ ಗುಂಡಿಗಳಲ್ಲಿ ಹೂತಿಡುತ್ತಾರೆ. ಹಲವು ಗಂಟೆಗಳ ಬಳಿಕ ಮೇಲೆತ್ತಿದರೆ ಅಡುಗೆಯು ಸಿದ್ಧವಾಗಿರುತ್ತದೆ. ನೂರಾರು ಜನರನ್ನು ಕೊಂದ ಬೆಂಕಿಯಿಂದ ಅನ್ನವನ್ನು ಬೇಯಿಸಿಕೊಳ್ಳುವುದನ್ನು ದ್ವೀಪದ ಜನರು ಕಲಿತಿದ್ದಾರೆ.

ಆದರೆ ಪೀಕು ದು ಫೆರ್ರು ಎಂಬ ಎತ್ತರದಿಂದ ಕೆಳಗೆ ಕಾಣುವ ಫುರ್ನಸ್ ಸರೋವರವು ಆರೋಗ್ಯವಾಗಿಲ್ಲ. ಅದರ ಆಳವು ಕಡಿಮೆ. ಅದರ ಸುತ್ತಲಿನ ಇಳಿಜಾರುಗಳು ಬಹುಕಾಲ ಹುಲ್ಲುಗಾವಲುಗಳಾಗಿದ್ದವು. ಆದುದರಿಂದ ಪಾಚಿಯ ಬಾಧೆಯು ಇಲ್ಲಿ ತೀವ್ರವಾಯಿತು. ಬೆಂಕಿಯ ಸರೋವರವೂ ಇದೂ ಒಂದೇ ದ್ವೀಪದ ಮಕ್ಕಳು. ಎರಡೂ ಅಗ್ನಿಯಿಂದ ಹುಟ್ಟಿ ಮಳೆಯಿಂದ ತುಂಬಿದವು. ಆಳದಲ್ಲಿ ವ್ಯತ್ಯಾಸವಿದೆಯೆಂಬುದು ನಿಜ. ಆದರೂ ಇಂದು ಒಂದು ತಿಳಿಯಾಗಿಯೂ ಇನ್ನೊಂದು ಕದಡಿಯೂ ಇರುವುದಕ್ಕೆ ಪ್ರಕೃತಿಗಿಂತ ಹೆಚ್ಚಾಗಿ ಮನುಷ್ಯನ ನಡೆವಳಿಕೆಯೇ ಕಾರಣ.

ಹಾಗೆಂದು ರೈತನನ್ನು ಅಪರಾಧಿಯನ್ನಾಗಿ ಮಾಡುವುದು ನ್ಯಾಯವಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಸಾವ್ ಮಿಗೆಲ್ ದ್ವೀಪವು ಇಂಗ್ಲೆಂಡಿಗೆ ಕಿತ್ತಳೆ ಹಣ್ಣನ್ನು ರಫ್ತು ಮಾಡಿ ಬದುಕುತ್ತಿತ್ತು. ರೋಗ ತಗುಲಿ ಕಿತ್ತಳೆಯ ತೋಟಗಳು ಹಾಳಾದವು. ಜನರು ಅನಾನಸ್ಸನ್ನೂ ಹೊಗೆಸೊಪ್ಪನ್ನೂ ಚಹವನ್ನೂ ಬೆಳೆದು ನೋಡಿದರು. ಚಹದ ವಿದ್ಯೆಯನ್ನು ಕಲಿಸಲು 1878ರಲ್ಲಿ ಮಕಾವುವಿನಿಂದ ಇಬ್ಬರು ಚೀನೀ ಪರಿಣತರನ್ನು ಕರೆಸಲಾಯಿತು. 1883ರಲ್ಲಿ ಆರಂಭವಾದ ಗೊರಿಯಾನ ಚಹ ತೋಟವು ಇಂದಿಗೂ ನಡೆಯುತ್ತಿದೆ. ಆದರೆ ಬಹುಮಂದಿಗೆ ಆಸರೆಯಾದುದು ಹೈನುಗಾರಿಕೆ. ಬೆಟ್ಟಗಳ ಕಾಡನ್ನು ಕಡಿದು ಹುಲ್ಲು ಬೆಳೆಸಿದ ರೈತನು ಸರೋವರವನ್ನು ಕೆಡಿಸಬೇಕೆಂದು ಹಾಗೆ ಮಾಡಲಿಲ್ಲ. ಮಕ್ಕಳಿಗೆ ಅನ್ನ ಬಟ್ಟೆಯನ್ನು ಒದಗಿಸಲು ಮಾಡಿದನು. ಆ ಹಾಲನ್ನು ಕುಡಿದವರಿಗೂ, ಆ ಗಿಣ್ಣನ್ನು ಕೊಂಡು ಹೋದವರಿಗೂ ಈ ಹೊಣೆಯಲ್ಲಿ ಪಾಲಿದೆ. ವೀಕ್ಷಣಾಸ್ಥಳದಲ್ಲಿ ನಿಂತು 'ಎಂತಹ ಹಸಿರು!' ಎಂದು ಉದ್ಗರಿಸುವ ಪ್ರವಾಸಿಯು ಆ ಹುಲ್ಲುಗಾವಲನ್ನೂ ಮೆಚ್ಚುತ್ತಾನೆ, ಆ ನೀರನ್ನೂ ಮೆಚ್ಚುತ್ತಾನೆ. ಒಂದರ ಹಸಿರು ಇನ್ನೊಂದಕ್ಕೆ ಹಾನಿ ಮಾಡುತ್ತಿದೆ ಎಂಬುದು ಅವನಿಗೆ ಹೊಳೆಯುವುದಿಲ್ಲ. 'ದೂರದ ಬೆಟ್ಟ ನುಣ್ಣಗೆ' ಎಂದು ಹಿರಿಯರು ಹೇಳಿದುದು ಇಂತಹ ನೋಟವನ್ನು ಕುರಿತೇ ಇರಬೇಕು.

ಫುರ್ನಸ್‌ನ ಮುಂದಿನ ಇತಿಹಾಸವು ಆಶಾದಾಯಕವಾಗಿದೆ. ಸೆತೆ ಸಿದಾದೆಸ್ ಮತ್ತು ಫುರ್ನಸ್ ಸರೋವರಗಳ ಜಲಾನಯನ ಪ್ರದೇಶಗಳಿಗೆ 2005ರಲ್ಲಿ ಪ್ರತ್ಯೇಕ ಯೋಜನೆಗಳು ಜಾರಿಗೆ ಬಂದವು. ಫುರ್ನಸ್‌ನ ಸುತ್ತಲಿನ ನೂರಾರು ಹೆಕ್ಟೇರ್ ಹುಲ್ಲುಗಾವಲನ್ನು ಸರಕಾರವು ಬೆಲೆ ಕೊಟ್ಟು ಕೊಂಡುಕೊಂಡಿತು. ಅಲ್ಲಿ ಗೊಬ್ಬರ ಹಾಕುವುದು ನಿಂತಿತು. ಖಾಲಿಯಾದ ಇಳಿಜಾರುಗಳಲ್ಲಿ ದ್ವೀಪದ ಸಹಜ ವೃಕ್ಷಗಳನ್ನು ನೆಡುವ ಕಾರ್ಯವು ಆರಂಭವಾಯಿತು. ಸ್ವಯಂಸೇವಕರೂ ಅದರಲ್ಲಿ ಕೈಜೋಡಿಸಿದರು. ಸರೋವರದ ದಂಡೆಯಲ್ಲಿ ಅದರ ಸ್ಥಿತಿಯನ್ನು ಅಧ್ಯಯನ ಮಾಡುವ ಕೇಂದ್ರವೊಂದು ಸ್ಥಾಪನೆಯಾಯಿತು. ಇದರಿಂದ ನೀರು ಒಂದೆರಡು ವರ್ಷಗಳಲ್ಲಿ ತಿಳಿಯಾಗಲಿಲ್ಲ, ಆಗುವಂತೆಯೂ ಇರಲಿಲ್ಲ. ತಳದ ಕೆಸರಿನ ಸಾಲವು ತೀರುವವರೆಗೆ ಕಾಯಬೇಕು. ನೆಟ್ಟ ಸಸಿಯು ಮರವಾಗುವವರೆಗೆ ಕಾಯಬೇಕು. ಇಂತಹ ಕೆಲಸದ ಫಲವನ್ನು ನೆಟ್ಟವರೇ ಕಾಣುತ್ತಾರೆಂಬ ಭರವಸೆಯಿಲ್ಲ. ಹಾಗಿದ್ದರೂ ಕೈಗೊಳ್ಳಬೇಕಾದ ಕೆಲಸ ಇದೇ.

ಇಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಜಮೀನನ್ನು ಕಿತ್ತುಕೊಳ್ಳದೆ ಬೆಲೆ ಕೊಟ್ಟು ಪಡೆದುದು ಉಚಿತವಾದ ಕ್ರಮ. ಸರೋವರದ ಸೌಂದರ್ಯವು ಎಲ್ಲರ ಸ್ವತ್ತು ಎನ್ನುವುದಾದರೆ ಅದನ್ನು ಉಳಿಸುವ ವೆಚ್ಚವೂ ಎಲ್ಲರದಾಗಬೇಕು. ಹತ್ತು ಹಸುಗಳ ಒಡೆಯನೊಬ್ಬನು ತನ್ನ ಜೀವನವನ್ನು ತೆತ್ತು, ದೂರದೂರದ ಜನರು ಬಂದು ಬಿಟ್ಟಿಯಾಗಿ ಆನಂದಪಡುವುದು ಧರ್ಮವಲ್ಲ.

ಪ್ರವಾಸಿಗಳಿಂದಲೂ ದ್ವೀಪಕ್ಕೆ ಭಾರವಿದೆ. 2015ರಿಂದ ಕಡಿಮೆ ದರದ ವಿಮಾನಗಳು ಬರತೊಡಗಿದ ಮೇಲೆ ಅವರ ಸಂಖ್ಯೆಯು ಬಹಳವಾಗಿ ಹೆಚ್ಚಿತು. ಬೆಟ್ಟದ ಕಿರಿದಾದ ರಸ್ತೆಗಳಲ್ಲಿ ವಾಹನಗಳು ಸಾಲುಗಟ್ಟಿದವು. ದೊರೆಯ ನೋಟದ ಬಳಿಯಲ್ಲಿಯೇ ಒಂದು ಎಚ್ಚರಿಕೆಯ ಗುರುತೂ ಇದೆ. ಆ ನೋಟವನ್ನು ಕೋಣೆಯ ಕಿಟಕಿಯಿಂದಲೇ ಸವಿಯಲೆಂದು ಅಲ್ಲಿ ಕಟ್ಟಿದ ಭಾರಿ ಹೋಟೆಲೊಂದು 1989ರಲ್ಲಿ ತೆರೆಯಿತು. ಎರಡು ವರ್ಷ ತುಂಬುವುದರೊಳಗೆ ಮುಚ್ಚಿತು. ಮಂಜು ಮುಸುಕಿದ ಆ ಅಂಚಿನಲ್ಲಿ ಕಟ್ಟಡವು ದಶಕಗಳ ಕಾಲ ಹಾಳುಬಿದ್ದಿತು. ನೋಟವನ್ನು ಕೊಂಡು ಕೋಣೆಯೊಳಗೆ ಇಟ್ಟುಕೊಳ್ಳಬಹುದೆಂದು ನಂಬಿದವರಿಗೆ ಅದಕ್ಕಿಂತ ಸ್ಪಷ್ಟವಾದ ಉತ್ತರವು ಬೇಕಾಗಿಲ್ಲ.

ಇಷ್ಟು ಕೇಳಿದ ಮೇಲೆ, ಒಂದು ದಿನದ ಪ್ರವಾಸವು ವ್ಯರ್ಥವೆಂದು ಕೆಲವರು ತೀರ್ಮಾನಿಸಬಹುದು. ವರ್ಷಗಟ್ಟಲೆ ಅಲ್ಲಿಯೇ ಇದ್ದು ಅಧ್ಯಯನ ಮಾಡದವರು ನೋಡಲೇಬಾರದು ಎನ್ನುವುದು ಅತಿಯಾದ ಮಾತು. ಎಲ್ಲರಿಗೂ ಅಷ್ಟು ಬಿಡುವಿಲ್ಲ, ಅಷ್ಟು ಹಣವಿಲ್ಲ. ಒಂದು ದಿನದ ನೋಟದಿಂದಲೂ ಮನಸ್ಸು ಹಿಗ್ಗುತ್ತದೆ. ಸುಂದರವಾದುದನ್ನು ಕಂಡು ಸಂತೋಷಪಡದವನು ಅದನ್ನು ಉಳಿಸಲು ಮುಂದಾಗುವುದೂ ಇಲ್ಲ. ಆದುದರಿಂದ ಕುಂದು ಇರುವುದು ದಿನದ ಅಳತೆಯಲ್ಲಿ ಅಲ್ಲ, ನೋಡುವ ರೀತಿಯಲ್ಲಿ. ಹತ್ತು ನಿಮಿಷ ನಿಂತವನು ಒಂದು ಪ್ರಶ್ನೆಯನ್ನು ಕೇಳಿಕೊಂಡರೆ, ಏನನ್ನೂ ಕೇಳಿಕೊಳ್ಳದೆ ಹತ್ತು ದಿನ ಇದ್ದವನಿಗಿಂತ ಹೆಚ್ಚನ್ನು ಕಂಡಂತಾಗುತ್ತದೆ.

ಹಾಗೆ ನೋಡಿದರೆ ವೀಕ್ಷಣಾಸ್ಥಳದಷ್ಟು ಒಳ್ಳೆಯ ಪಾಠಶಾಲೆಯು ಬೇರೊಂದಿಲ್ಲ. ದಂಡೆಯಲ್ಲಿ ನಿಂತವನಿಗೆ ನೀರು ಮಾತ್ರ ಕಾಣುತ್ತದೆ. ಹೊಲದಲ್ಲಿ ನಿಂತವನಿಗೆ ಹುಲ್ಲು ಮಾತ್ರ ಕಾಣುತ್ತದೆ. ಅಂಚಿನ ಮೇಲೆ ನಿಂತವನಿಗೆ ಎರಡೂ ಒಟ್ಟಿಗೆ ಕಾಣುತ್ತವೆ. ಮಳೆಯ ನೀರು ಎಲ್ಲಿ ಬೀಳುತ್ತದೆ, ಯಾವ ಹೊಲವನ್ನು ಹಾಯ್ದು ಬರುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದು ಭೂಪಟದಲ್ಲಿ ಬರೆದಂತೆ ಅವನ ಕಣ್ಣ ಮುಂದೆ ಹರಡಿರುತ್ತದೆ. ಅದಕ್ಕೆ ಕೊಂಚ ಓದಿನ ನೆರವಿದ್ದರೆ ಸಾಕು. ಸೆತೆ ಸಿದಾದೆಸ್‌ನ ಬಣ್ಣ, ಫೋಗುವಿನ ತಿಳಿ, ಫುರ್ನಸ್‌ನ ಕದಡು ಇವು ಮೂರು ಬೇರೆ ಬೇರೆ ದೃಶ್ಯಗಳಾಗಿ ಉಳಿಯದೆ ಒಂದೇ ಪಾಠದ ಮೂರು ಪುಟಗಳಾಗುತ್ತವೆ.

ದೊರೆಯು ನಿಂತು ನೋಡಿದ ಅಂಚಿನಲ್ಲಿ ಇಂದು ಯಾರು ಬೇಕಾದರೂ ನಿಲ್ಲಬಹುದು. ಎತ್ತರವನ್ನು ಏರಿದವರಿಗೆ ಹೆಚ್ಚು ಕಾಣುತ್ತದೆ. ಹೆಚ್ಚು ಕಂಡವರ ಮೇಲೆ, ಕಂಡುದಕ್ಕೆ ತಕ್ಕಂತೆ ನಡೆಯುವ ಹೊಣೆಯೂ ಹೆಚ್ಚಾಗಿ ಬೀಳುತ್ತದೆ. ಆ ಹೊಣೆಯನ್ನು ಅರಿತು ಬೆಟ್ಟವನ್ನು ಇಳಿದವರು ದೇಶವನ್ನು ಸುತ್ತಿದವರೂ ಹೌದು, ಕೋಶವನ್ನು ಓದಿದವರೂ ಹೌದು.